ಸ್ವಿಚ್ ಆರಿಸಿದರೆ ಸಾಲದು, ಬೀಗವೂ ಬೀಳಬೇಕು

ಲಾಕೌಟ್ ಎಂಬ ಶಬ್ದ ಮುಂಬೈ ಕನ್ನಡಿಗರಿಗೆ ಹೊಸತೇನಲ್ಲ. ಗಿರಣಗಾಂವಿನ ಬಟ್ಟೆ ಗಿರಣಿಗಳ ಕಾಲದಿಂದಲೂ ಈ ಶಬ್ದ ಕಿವಿಗೆ ಬಿದ್ದೊಡನೆ ನೆನಪಾಗುವುದು ಗೇಟಿಗೆ ಬಿದ್ದ ಬೀಗ, ಹೊರಗೆ ಗುಂಪಾಗಿ ನಿಂತ ಕಾರ್ಮಿಕರು, ಒಲೆ ಉರಿಯದ ಚಾಳಿನ ಕೋಣೆಗಳು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಆ ಶಬ್ದಕ್ಕೆ ಇನ್ನಷ್ಟು ಕಹಿ ಅಂಟಿಕೊಂಡಿತು. ಆದರೆ ಅದೇ ಹೆಸರಿನ ಇನ್ನೊಂದು ಲಾಕೌಟ್ ಇದೆ. ಅದು ಕಾರ್ಮಿಕನ ಅನ್ನ ಕಸಿಯುವುದಿಲ್ಲ, ಪ್ರಾಣ ಕಾಯುತ್ತದೆ. ಅಲ್ಲಿ ಬೀಗ ಬೀಳುವುದು ಗೇಟಿಗಲ್ಲ, ವಿದ್ಯುತ್ತಿನ ಮೇನ್ ಸ್ವಿಚ್ಚಿಗೆ. ಅದರ ಕೀಲಿ ಇರುವುದು ಮಾಲಕನ ಮೇಜಿನ ಖಾನೆಯಲ್ಲಲ್ಲ, ಯಂತ್ರದೊಳಗೆ ಕೈ ಹಾಕಿದವನ ಕಿಸೆಯಲ್ಲಿ.

ದೊಡ್ಡ ಕಾರ್ಖಾನೆಗಳಲ್ಲಿ, ತೈಲ ಶುದ್ಧೀಕರಣ ಘಟಕಗಳಲ್ಲಿ, ವಿದ್ಯುತ್ ಕೇಂದ್ರಗಳಲ್ಲಿ ಈ ಪದ್ಧತಿ ದಶಕಗಳಿಂದ ರೂಢಿಯಲ್ಲಿದೆ. ಆದರೆ ಮಹಾನಗರದಲ್ಲಿ ಹೊಟ್ಟೆಪಾಡಿಗಾಗಿ ನೆಲೆಸಿದ ಬಹುಪಾಲು ಕನ್ನಡಿಗರು ದುಡಿಯುವುದು ಅಂಥ ದೊಡ್ಡ ಕಡೆಗಳಲ್ಲಲ್ಲ. ಉಡುಪಿ ಹೊಟೇಲುಗಳ ಅಡುಗೆಮನೆ, ಅಂಧೇರಿ, ಸಾಕಿನಾಕಾ, ವಸಾಯಿ ಕಡೆಯ ಇಂಡಸ್ಟ್ರಿಯಲ್ ಎಸ್ಟೇಟುಗಳ ಒಂದೊಂದು ಗಾಲಾ, ಠಾಣೆ-ಬೇಲಾಪುರ ಪಟ್ಟಿಯ ಸಣ್ಣ ಘಟಕಗಳು, ಹೌಸಿಂಗ್ ಸೊಸೈಟಿಗಳ ಪಂಪ್‌ರೂಮು: ಇಲ್ಲೆಲ್ಲ ವಿದ್ಯುತ್ತಿನೊಂದಿಗೆ ದಿನಬೆಳಗಾದರೆ ಒಡನಾಟ. ಬೀಗದ ಪದ್ಧತಿ ಮಾತ್ರ ಇಲ್ಲಿಗೆ ತಲುಪಿಲ್ಲ. ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 12 ಸಾವಿರವನ್ನು ಮೀರಿದೆ ಎಂಬುದು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಗಳಿಂದಲೇ ತಿಳಿಯುತ್ತದೆ. ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆಗಳಲ್ಲಿ ದುಃಖ. ಮನೆಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ ನಡೆದ ಸಾವುಗಳೂ ಈ ಲೆಕ್ಕದಲ್ಲಿ ಸೇರಿವೆ ನಿಜ. ಕೆಲಸದ ಜಾಗದಲ್ಲಿ ಹೋದ ಜೀವಗಳೂ ಅದರಲ್ಲೇ ಇವೆ.

ಹೀಗೆ ಊರಿನಿಂದ ಬಂದ ಹುಡುಗನೊಬ್ಬ ತೀರಿಕೊಂಡಾಗ ಸಂಘ-ಸಂಸ್ಥೆಗಳು ಸುಮ್ಮನೆ ಕೂರುವುದಿಲ್ಲ. ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ವ್ಯವಸ್ಥೆಯಾಗುತ್ತದೆ, ಸಂತಾಪ ಸಭೆ ಜರಗುತ್ತದೆ, ದಾನಿಗಳಿಂದ ನೆರವು ಸಂಗ್ರಹವಾಗುತ್ತದೆ. ಈ ಕಾಳಜಿ ಸ್ತುತ್ಯರ್ಹ. ಆದರೆ ಅದೆಲ್ಲ ನಡೆಯುವುದು ಅನಾಹುತದ ನಂತರ. ಅನಾಹುತಕ್ಕೆ ಮೊದಲು ಮಾಡಬೇಕಾದ, ಅಷ್ಟೇನೂ ಖರ್ಚಿಲ್ಲದ ಕೆಲಸವೊಂದು ಹಾಗೆಯೇ ಉಳಿದಿದೆ.

ಒಬ್ಬ ಒಳಗೆ, ಇನ್ನೊಬ್ಬ ಸ್ವಿಚ್ಚಿನ ಬಳಿ

ಇಂಥ ಅವಘಡಗಳು ನಡೆಯುವ ರೀತಿ ಬಹುಮಟ್ಟಿಗೆ ಒಂದೇ. ಯಂತ್ರ ಕೆಟ್ಟಿರುತ್ತದೆ ಅಥವಾ ತೊಳೆಯಬೇಕಾಗಿರುತ್ತದೆ. ಒಬ್ಬ ಸ್ವಿಚ್ ಆರಿಸಿ ಒಳಗೆ ಕೈ ಹಾಕುತ್ತಾನೆ. ಇನ್ನೊಬ್ಬನಿಗೆ ಅದು ಗೊತ್ತಿರುವುದಿಲ್ಲ. ಗಿರಾಕಿಗಳು ಕಾಯುತ್ತಿದ್ದಾರೆ, ಹಿಟ್ಟು ಆಗಬೇಕು, ಮಾಲು ಸಂಜೆಯೊಳಗೆ ಹೋಗಬೇಕು. ಆತ ಬಂದು ಸ್ವಿಚ್ ಹಾಕುತ್ತಾನೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ದಡ್ಡರಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದವರೇ. ನಡುವೆ ಇರಬೇಕಾಗಿದ್ದ ಒಂದು ಅಡ್ಡಿ ಇರಲಿಲ್ಲ, ಅಷ್ಟೆ.

ಹೊಟೇಲಿನ ಅಡುಗೆಮನೆಯನ್ನೇ ನೋಡಬಹುದು. ಇಡ್ಲಿ-ದೋಸೆಯ ಹಿಟ್ಟಿನ ದೊಡ್ಡ ಗ್ರೈಂಡರ್, ಪೂರಿ-ಚಪಾತಿಯ ಹಿಟ್ಟು ಕಲಸುವ ಯಂತ್ರ, ಬಟಾಟೆ ಸಿಪ್ಪೆ ತೆಗೆಯುವ ಯಂತ್ರ, ತೆಂಗಿನಕಾಯಿ ತುರಿಯುವ ಯಂತ್ರ, ಹೊಗೆ ಹೊರಹಾಕುವ ಫ್ಯಾನು. ಇವೆಲ್ಲವನ್ನೂ ದಿನವೂ ತೊಳೆಯಬೇಕು. ತೊಳೆಯುವ ಹೊತ್ತಿಗೆ ನೆಲವೆಲ್ಲ ನೀರು, ಕಾಲಲ್ಲಿ ಚಪ್ಪಲಿ ಇರದಿದ್ದರೂ ಆಶ್ಚರ್ಯವಿಲ್ಲ, ಮೈ ಬೆವರಿನಿಂದ ಒದ್ದೆ. ಸ್ವಿಚ್‌ಬೋರ್ಡು ಇರುವುದು ಗೋಡೆಯ ಆಚೆ ಬದಿಯಲ್ಲೋ ಬಾಗಿಲ ಹಿಂದೆಯೋ. ಯಾವ ಸ್ವಿಚ್ ಯಾವ ಯಂತ್ರದ್ದು ಎಂದು ಬರೆದಿರುವುದಿಲ್ಲ. ಹಳಬನಿಗೆ ಗೊತ್ತು, ಹೊಸಬ ಒಂದೊಂದಾಗಿ ಒತ್ತಿ ನೋಡುತ್ತಾನೆ. ಆ ಒತ್ತಿ ನೋಡುವ ಕ್ಷಣದಲ್ಲಿ ಕಲಸುವ ಯಂತ್ರದೊಳಗೆ ಯಾರದೋ ಕೈ ಇದ್ದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸೊಸೈಟಿಯ ನೀರಿನ ಟ್ಯಾಂಕಿನಲ್ಲಿ ಅಪಾಯದ ಬಗೆ ಬೇರೆ. ಅಲ್ಲಿ ಸ್ವಿಚ್ ಹಾಕಲು ಇನ್ನೊಬ್ಬ ಬೇಕೆಂದೇ ಇಲ್ಲ. ನೀರಿನ ಮಟ್ಟ ನೋಡಿ ತಾನೇ ಚಾಲೂ ಆಗುವ ಪಂಪುಗಳು ಈಗ ಎಲ್ಲೆಡೆ ಇವೆ. ಟ್ಯಾಂಕ್ ತೊಳೆಯಲು ಇಳಿದವನ ಕಾಲಬುಡದಲ್ಲೇ ಪಂಪು ತಾನಾಗಿ ಹೊರಟರೆ, ಅದರ ವಯರು ಎಲ್ಲೋ ಒಂದೆಡೆ ಸಿಪ್ಪೆ ಸುಲಿದಿದ್ದರೆ, ಮೇಲೆ ನಿಂತವರಿಗೆ ತಿಳಿಯುವ ಮುನ್ನವೇ ಕೆಲಸ ಕೆಟ್ಟಿರುತ್ತದೆ.

ಹೊರದೇಶಗಳಲ್ಲೂ ಕತೆ ಬೇರೆಯಲ್ಲ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೀನನ್ನು ಬೇಯಿಸಿ ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ, ಕಾರ್ಮಿಕನೊಬ್ಬ ಕೆಲಸದ ನಿಮಿತ್ತ 35 ಅಡಿ ಉದ್ದದ ಹಬೆಯ ಒಲೆಯೊಳಗೆ ಹೋಗಿದ್ದ. ಆತ ಶೌಚಾಲಯಕ್ಕೆ ಹೋಗಿರಬೇಕೆಂದು ಭಾವಿಸಿದ ಸಹೋದ್ಯೋಗಿಗಳು ಮೀನಿನ ಗಾಡಿಗಳನ್ನು ಒಳಗೆ ತಳ್ಳಿ ಬಾಗಿಲು ಮುಚ್ಚಿ ಒಲೆ ಚಾಲೂ ಮಾಡಿದರು. ಆತ ಬದುಕಲಿಲ್ಲ. 2015ರಲ್ಲಿ ಆ ಕಂಪೆನಿ 60 ಲಕ್ಷ ಡಾಲರು ತೆರಲು ಒಪ್ಪಬೇಕಾಯಿತು. ಒಳಗೆ ಹೋಗುವಾಗ ಆತನ ಹೆಸರಿನ ಒಂದು ಬೀಗ ಒಲೆಯ ನಿಯಂತ್ರಣಕ್ಕೆ ಬಿದ್ದಿದ್ದರೆ ಯಾರು ಏನೇ ಭಾವಿಸಿದ್ದರೂ ಆ ಒಲೆ ಚಾಲೂ ಆಗುತ್ತಿರಲಿಲ್ಲ.

ಪಾಳಿ ಬದಲಾಗುವ ಹೊತ್ತು ಇನ್ನೂ ಅಪಾಯಕಾರಿ. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಬಳಿ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆಯಲ್ಲಿ ಹಗಲು ಪಾಳಿಯವರು ಪಂಪೊಂದರ ಸುರಕ್ಷಾ ಕವಾಟವನ್ನು ದುರಸ್ತಿಗಾಗಿ ಬಿಚ್ಚಿದ್ದರು. ಆ ಸಂಗತಿ ರಾತ್ರಿ ಪಾಳಿಯವರಿಗೆ ಸರಿಯಾಗಿ ತಲುಪಲಿಲ್ಲ. ಇನ್ನೊಂದು ಪಂಪು ಕೆಟ್ಟಾಗ ಅವರು ಇದನ್ನೇ ಚಾಲೂ ಮಾಡಲು ಹೊರಟರು. ಅನಿಲ ಸೋರಿ ಸ್ಫೋಟವಾಗಿ 167 ಮಂದಿ ಸತ್ತರು. ದುರಸ್ತಿಯ ಕಾಗದವೇನೋ ಇತ್ತು. ಬೇಕಾದವರ ಕಣ್ಣಿಗೆ ಬೇಕಾದ ಹೊತ್ತಿಗೆ ಅದು ಬೀಳಲಿಲ್ಲ. ಹೊಟೇಲಿನಲ್ಲೂ ಬೆಳಗಿನವರು ಹೋಗಿ ಸಂಜೆಯವರು ಬರುತ್ತಾರೆ, ಗಾಲಾದಲ್ಲೂ ಎರಡು ಪಾಳಿ ಇರುತ್ತವೆ. 'ಹೇಳಿ ಹೋಗಿದ್ದೆ', 'ಕೇಳಿಸಲಿಲ್ಲ' ಎಂಬ ಮಾತುಗಳ ನಡುವೆ ಜೀವ ತೂಗಾಡಬಾರದು.

ಎಂಸಿಬಿ ಇದೆಯಲ್ಲ ಎಂಬ ಭ್ರಮೆ

ಹೊಸ ಎಂಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ಅದು ಬಿದ್ದುಹೋಗುತ್ತದೆ ಎಂದು ನಂಬಿದ ಮಾಲಕರು ಬಹಳ. ಇದು ತಪ್ಪು ತಿಳಿವಳಿಕೆ. ಎಂಸಿಬಿ ಇರುವುದು ವಯರನ್ನು ಕಾಯಲು, ಮನುಷ್ಯನನ್ನಲ್ಲ. ಒದ್ದೆ ಮೈಯ ಪ್ರತಿರೋಧ ಸಾವಿರ ಓಮಿನಷ್ಟಕ್ಕೆ ಇಳಿಯಬಹುದು. ಆಗ 230 ವೋಲ್ಟಿನ ತಂತಿ ಮುಟ್ಟಿದವನ ಮೈಯಲ್ಲಿ ಹರಿಯುವುದು ಸುಮಾರು 230 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲು ಭಾಗದಷ್ಟೂ ಅಲ್ಲ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮನುಷ್ಯನ ಹೃದಯ ಲಯ ತಪ್ಪಲು ಅದರ ಅರ್ಧಕ್ಕಿಂತ ಕಡಿಮೆ ಸಾಕು. ಹತ್ತಿಪ್ಪತ್ತು ಮಿಲಿ ಆಂಪಿಯರಿಗೇ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಬರುತ್ತದೆ. ದೇವರ ಪಟದ ಮುಂದೆ ಉರಿಯುವ ಹಳೆಯ ಕಾಲದ ಜೀರೋ ಬಲ್ಬು ಹದಿನೈದು ವಾಟಿನಷ್ಟು ವಿದ್ಯುತ್ ಬಳಸುತ್ತದೆ. ಅದು ಎಳೆಯುವ ಕರೆಂಟು ಸುಮಾರು 65 ಮಿಲಿ ಆಂಪಿಯರ್. ಅಷ್ಟು ಸಣ್ಣ ಬೆಳಕಿಗೆ ಬೇಕಾದ ಕರೆಂಟು ಎದೆಯ ಮೂಲಕ ಹಾದರೆ ಒಂದು ಜೀವಕ್ಕೆ ಮುಳುವಾಗಬಹುದು.

ಮನುಷ್ಯನಿಗಾಗಿ ಇರುವುದು ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎಂಬ ಸಾಧನ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ ತಾಳೆ ಬೀಳದಿದ್ದರೆ, ಎಲ್ಲೋ ಸೋರುತ್ತಿದೆ ಎಂದು ತಿಳಿದು ಅದು ಕ್ಷಣಾರ್ಧದಲ್ಲಿ ಸರಬರಾಜು ಕಡಿಯುತ್ತದೆ. ಜಮಾ-ಖರ್ಚು ಹೊಂದದಿದ್ದರೆ ಪುಸ್ತಕ ಮುಚ್ಚದ ಗುಮಾಸ್ತನ ಹಾಗೆ. ಮನುಷ್ಯರ ರಕ್ಷಣೆಗೆ 30 ಮಿಲಿ ಆಂಪಿಯರಿನದ್ದನ್ನು ಬಳಸಬೇಕು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಬೇಕು. ಅದರೊಂದಿಗೆ ಒಳ್ಳೆಯ ಅರ್ಥಿಂಗ್ ಕಡ್ಡಾಯ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟಿಗೆ ತುರುಕುವ ಚಾಳಿಯನ್ನು ಇಂದೇ ಬಿಡಬೇಕು.

ಆದರೆ ಇಎಲ್‌ಸಿಬಿ ಇದ್ದ ಮಾತ್ರಕ್ಕೆ ಬೀಗ ಬೇಡವೆಂದಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನು ಅದರ ಲೆಕ್ಕಕ್ಕೆ ಸಿಗದಿರಬಹುದು. ತಿರುಗುವ ಬ್ಲೇಡಿಗೆ ಕೈ ಸಿಕ್ಕವನನ್ನು ಯಾವ ಇಎಲ್‌ಸಿಬಿಯೂ ಉಳಿಸುವುದಿಲ್ಲ.

ಕಿಸೆಯಲ್ಲಿದ್ದ ಫ್ಯೂಸು

ಬೀಗದ ಪದ್ಧತಿ ಕೇಳಲು ಹೊಸತೆನಿಸಿದರೂ ಅದರ ತಿರುಳು ಈ ದೇಶದ ಹಳೆಯ ವಯರ್‌ಮನ್‌ಗಳಿಗೆ ಗೊತ್ತಿದ್ದದ್ದೇ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳ ಕಾಲದಲ್ಲಿ ಅನುಭವಿ ವಯರ್‌ಮನ್ ಕೆಲಸಕ್ಕೆ ಮೊದಲು ಫ್ಯೂಸು ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಆತ ಕೆಳಗಿಳಿದು ಬಂದು ಅದನ್ನು ಮತ್ತೆ ಕೂರಿಸುವವರೆಗೆ ಕರೆಂಟು ಬರುವಂತಿರಲಿಲ್ಲ. ಈಗ ಆ ಫ್ಯೂಸಿನ ಜಾಗಕ್ಕೆ ಎಂಸಿಬಿ ಬಂದಿದೆ. ಅದನ್ನು ಕಿಸೆಗೆ ಹಾಕಿಕೊಳ್ಳಲಾಗದು. ದಾರಿಹೋಕನೂ ಒಂದು ಬೆರಳಿನಿಂದ ಮೇಲೆತ್ತಬಹುದು. ಸಾಧನ ಸುಧಾರಿಸಿತು, ಅದರ ಜೊತೆಗಿದ್ದ ಒಳ್ಳೆಯ ರೂಢಿ ಮಾಯವಾಯಿತು. ಕಳೆದುಹೋದ ಆ ರೂಢಿಯನ್ನು ಮರಳಿ ತರುವುದೇ ಲಾಕೌಟ್. ಎಂಸಿಬಿಯ ಗುಂಡಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪು, ಅದಕ್ಕೊಂದು ಬೀಗ, ಬೀಗಕ್ಕೊಂದು ಚೀಟಿ. ಇವು ಲೋಹಾರ್ ಚಾಳಿನಂಥ ಮಾರುಕಟ್ಟೆಯಲ್ಲಿ ವಿಚಾರಿಸಿದರೆ ಸಿಗದ ವಸ್ತುಗಳೇನಲ್ಲ.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳಿರುತ್ತವೆ, ಅವು ಇಬ್ಬರು ಅಧಿಕಾರಿಗಳ ಬಳಿ ಇರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಒಬ್ಬನೇ ಬಂದರೆ ತಿಜೋರಿ ತೆರೆಯದು. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ ಏರ್ಪಾಡಲ್ಲ ಅದು. ಹಣ ಯಾವೊಬ್ಬನ ನೆನಪು, ಆತುರ, ಮರೆವಿನ ಮೇಲೆ ನಿಲ್ಲಬಾರದೆಂದು ಮಾಡಿದ್ದು. ಹಣಕ್ಕೆ ಕೊಟ್ಟ ಈ ಕಾವಲನ್ನು ಜೀವಕ್ಕೆ ಕೊಡಲು ಹಿಂಜರಿಕೆ ಏಕೆ?

ಕ್ರಮ ಹೀಗಿದೆ. ಮೊದಲು, ಯಂತ್ರಕ್ಕೆ ಶಕ್ತಿ ಎಲ್ಲೆಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಜೊತೆಯವರಿಗೆ ಕೆಲಸದ ವಿಷಯ ಹೇಳಬೇಕು. ಯಂತ್ರವನ್ನು ನಿಲ್ಲಿಸಿ ಮೇನ್ ಸ್ವಿಚ್ ಆರಿಸಬೇಕು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ಕಿಸೆಗಿಟ್ಟುಕೊಳ್ಳಬೇಕು. 'ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ' ಎಂಬ ಚೀಟಿಯನ್ನು ಹೆಸರು, ಸಮಯ ಸಹಿತ ತೂಗುಹಾಕಬೇಕು. ಯಂತ್ರದಲ್ಲಿ ಉಳಿದ ಶಕ್ತಿಯನ್ನು ಕಳೆಯಬೇಕು. ಕೊನೆಗೆ, ಚಾಲೂ ಮಾಡುವ ಗುಂಡಿ ಒತ್ತಿ ನಿಜವಾಗಿಯೂ ನಿಂತಿದೆಯೇ ಎಂದು ಪರೀಕ್ಷಿಸಿ, ಗುಂಡಿಯನ್ನು ಮತ್ತೆ ಆರಿಸಿದ ಸ್ಥಿತಿಗೆ ತಂದು, ಆಮೇಲಷ್ಟೇ ಕೈ ಹಾಕಬೇಕು.

ಇದರಲ್ಲಿ ಕೊನೆಯ ಎರಡು ಹೆಜ್ಜೆಗಳನ್ನು ಬಿಡುವವರೇ ಹೆಚ್ಚು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಪವರ್ ಪ್ರೆಸ್ಸಿನ ಭಾರದ ಚಕ್ರ ಮೋಟಾರು ನಿಂತ ಬಳಿಕವೂ ತಿರುಗುತ್ತಿರುತ್ತದೆ; ಮೇಲೆತ್ತಿದ ಭಾಗಕ್ಕೆ ಆಧಾರ ಕೊಡದಿದ್ದರೆ ಅದು ತಾನೇ ಕೆಳಗೆ ಬೀಳಬಹುದು. ಇನ್ವರ್ಟರ್, ಜನರೇಟರ್, ಛಾವಣಿಯ ಸೌರಫಲಕ ಇದ್ದ ಕಡೆ ಒಂದು ದಾರಿ ಮುಚ್ಚಿದರೂ ಇನ್ನೊಂದು ದಾರಿಯಿಂದ ಕರೆಂಟು ಬರುತ್ತದೆ. ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿದರೆ ಆ ಕರೆಂಟು ಬೀದಿಯ ಲೈನಿಗೂ ಹಿಮ್ಮುಖವಾಗಿ ಹರಿದು, ಲೈನ್ ಸತ್ತಿದೆಯೆಂದು ನಂಬಿ ಕೆಲಸ ಮಾಡುವ ಲೈನ್‌ಮನ್‌ನ ಜೀವಕ್ಕೇ ಎರವಾದೀತು. ಇನ್ನು ಹಳೆಯ ವಯರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲು ನ್ಯೂಟ್ರಲ್‌ಗೆ ಜೋಡಿಸಿದ್ದರೆ ಯಂತ್ರ ನಿಲ್ಲುತ್ತದೆ, ಒಳಗಿನ ತಂತಿಯಲ್ಲಿ ಮಾತ್ರ ಜೀವಂತ ಕರೆಂಟು ಇದ್ದೇ ಇರುತ್ತದೆ. ಕಿಸೆಯ ಟೆಸ್ಟರಿನ ಬೆಳಕು ಕಾಣದಿದ್ದರೆ ಕರೆಂಟಿಲ್ಲವೆಂದು ನಂಬುವುದೂ ಸರಿಯಲ್ಲ, ಟೆಸ್ಟರೇ ಕೆಟ್ಟಿರಬಹುದು. ಕರೆಂಟು ಇದ್ದ ಕಡೆ ಒಮ್ಮೆ, ಕೆಲಸದ ಜಾಗದಲ್ಲಿ ಒಮ್ಮೆ, ಮತ್ತೆ ಕರೆಂಟು ಇದ್ದ ಕಡೆ ಇನ್ನೊಮ್ಮೆ ಪರೀಕ್ಷಿಸುವುದು ಬಲ್ಲವರ ರೀತಿ.

ಬೀಗದ ವಿಷಯದಲ್ಲಿ ಒಂದೇ ನಿಯಮ: ಒಬ್ಬ ಮನುಷ್ಯ, ಒಂದು ಬೀಗ, ಒಂದು ಕೀಲಿ. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಹಲವು ಬೀಗ ಹಿಡಿಯುವ ಕೊಂಡಿ ಇದಕ್ಕೆಂದೇ ಸಿಗುತ್ತದೆ. ಕೊನೆಯವನು ತನ್ನ ಬೀಗ ತೆಗೆಯುವವರೆಗೆ ಸ್ವಿಚ್ ಅಲುಗದು. ಇನ್ನೊಬ್ಬನ ಬೀಗವನ್ನು ಯಾರೂ ತೆಗೆಯಬಾರದು, ಮಾಲಕನೂ ಸಹ. ಬೀಗ ಹಾಕಿದವನು ಮರೆತು ಮನೆಗೆ ಹೋದನೆಂದಾದರೆ? ಆತ ಸ್ಥಳದಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಆತನಿಗೆ ತಿಳಿಸಲು ಯತ್ನಿಸಿ, ಯಂತ್ರದ ಸುತ್ತ ಯಾರೂ ಇಲ್ಲವೆಂದು ಕಣ್ಣಾರೆ ನೋಡಿದ ಮೇಲೆ ಜವಾಬ್ದಾರಿಯುಳ್ಳ ಒಬ್ಬನೇ ಅದನ್ನು ತೆಗೆಯಬೇಕು. ಮರಳಿ ಬಂದವನಿಗೆ ಕೆಲಸಕ್ಕೆ ಮೊದಲೇ ವಿಷಯ ಹೇಳಬೇಕು. ಪ್ಲಗ್ಗಿನಿಂದ ನಡೆಯುವ ಸಣ್ಣ ಯಂತ್ರಗಳಿಗೆ ಇಷ್ಟೂ ಬೇಡ. ಪ್ಲಗ್ಗನ್ನು ಕಿತ್ತು, ತೊಳೆಯುವವನು ತನ್ನ ಕಣ್ಣೆದುರಿಗೆ, ತನ್ನ ಕೈಗೆಟುಕುವಲ್ಲಿ ಇಟ್ಟುಕೊಂಡರೆ ಸಾಕು.

ಚೀಟಿಯ ಭಾಷೆಯೂ ಮುಖ್ಯ. ಒಂದು ಕಾಲಕ್ಕೆ ಹೊಟೇಲಿನ ಅಡುಗೆಮನೆಯಲ್ಲಿ ಕನ್ನಡ-ತುಳು ಬಲ್ಲವರೇ ತುಂಬಿದ್ದರು. ಇಂದು ಉತ್ತರ ಪ್ರದೇಶ, ಬಿಹಾರ, ಒಡಿಶಾ, ಬಂಗಾಳ, ನೇಪಾಳದ ಹುಡುಗರೂ ಅಲ್ಲಿದ್ದಾರೆ. ಇಂಗ್ಲಿಷಿನ ಕೆಂಪು ಅಕ್ಷರ ಅವರಲ್ಲಿ ಅನೇಕರಿಗೆ ಬರಿಯ ಚಿತ್ರ. ಹಾಗಾಗಿ ಚೀಟಿ ಹಿಂದಿಯಲ್ಲೂ ಇರಲಿ, ಅದಕ್ಕಿಂತ ಹೆಚ್ಚಾಗಿ ಕೈಯ ಗುರುತು, ಕೆಂಪು ಬಣ್ಣ, ಬೀಗ ಹಾಕಿದವನ ಫೋಟೊ ಇರಲಿ. ಓದು ಬಾರದವನೂ ಪರಿಚಿತ ಮುಖವನ್ನು ಗುರುತಿಸುತ್ತಾನೆ.

ಕಾನೂನು ಏನು ಹೇಳುತ್ತದೆ

ಇದು ಯಾರದೋ ಹೊಸ ಕಲ್ಪನೆಯಲ್ಲ. ಅಮೆರಿಕದಲ್ಲಿ ಓಶಾ ಎಂದು ಕರೆಯಲಾಗುವ ಔದ್ಯೋಗಿಕ ಸುರಕ್ಷಾ ಇಲಾಖೆ 1989ರಲ್ಲಿ ಈ ಬೀಗ-ಚೀಟಿಯ ನಿಯಮ ಹೊರಡಿಸಿತು, 1990ರ ಜನವರಿಯಿಂದ ಅದು ಜಾರಿಯಾಯಿತು. ಅದರ ಪಾಲನೆಯಿಂದ ವರ್ಷಕ್ಕೆ ಅಂದಾಜು 120 ಸಾವು, 50 ಸಾವಿರ ಗಾಯಗಳು ತಪ್ಪುತ್ತವೆ ಎಂಬುದು ಆ ಇಲಾಖೆಯ ಲೆಕ್ಕ. ಭಾರತವೂ ಹಿಂದೆ ಬಿದ್ದಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯಿಂದ 24ನೇ ಸೆಕ್ಷನ್ನಿಗೆ ಒಂದು ಉಪನಿಯಮ ಸೇರಿತ್ತು. ಆರಿದ ಸ್ಥಿತಿಯಿಂದ ಅಕಸ್ಮಾತ್ತಾಗಿ ಚಾಲೂ ಸ್ಥಿತಿಗೆ ಜಾರಬಹುದಾದ ಸಾಧನವಿದ್ದಲ್ಲಿ ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಬೀಗ ಹಾಕಿಡುವ ಏರ್ಪಾಡಿರಬೇಕು ಎಂಬುದು ಅದರ ಸಾರ. ಅಮೆರಿಕದ ನಿಯಮಕ್ಕಿಂತ ಹದಿಮೂರು ವರ್ಷ ಮೊದಲಿನ ಮಾತಿದು. ನಿಯಮ ಪುಸ್ತಕದಲ್ಲಿತ್ತು, ಬೀಗ ಅಂಗಡಿಯಲ್ಲೇ ಉಳಿಯಿತು.

ಹೊಟೇಲಿಗರಿಗೆ ತಿಳಿದಿರಬೇಕಾದ ಸಂಗತಿ ಇನ್ನೊಂದು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಹೊಟೇಲು, ರೆಸ್ಟೋರೆಂಟುಗಳು ಕಾರ್ಖಾನೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಾರ್ಖಾನೆಯಷ್ಟೇ ಯಂತ್ರಗಳಿದ್ದರೂ ಅಡುಗೆಮನೆ ಆ ನಿಯಮಗಳ ಹೊರಗೇ ಉಳಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ ಹಳೆಯ ಕಾಯ್ದೆಯ ಸ್ಥಾನಕ್ಕೆ ಬಂದಿದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಲು ಹಿಂದೆ ಕಾಯ್ದೆಯಲ್ಲಿ ಹತ್ತು ಮಂದಿ ಸಾಕಿತ್ತು, ಸಂಹಿತೆಯ ಪ್ರಕಾರ ಇಪ್ಪತ್ತು ಮಂದಿ ಬೇಕು. ಆದರೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಕೆಲಸದ ಜಾಗವನ್ನು ಅಪಾಯರಹಿತವಾಗಿ ಇಡುವ ಹೊಣೆಯನ್ನು ಸಂಹಿತೆ ಮಾಲಕನ ಮೇಲೆಯೇ ಹೊರಿಸಿದೆ. ಹತ್ತಕ್ಕಿಂತ ಕಡಿಮೆ ಮಂದಿ ಇದ್ದಲ್ಲಿ? ಕರೆಂಟು ತಲೆ ಎಣಿಸಿ ಹೊಡೆಯುವುದಿಲ್ಲ. ಇನ್‌ಸ್ಪೆಕ್ಟರ್ ಬರಲಿ ಬಾರದಿರಲಿ, ನಂಬಿ ಬಂದ ಹುಡುಗನ ತಂದೆ-ತಾಯಿಗೆ ಉತ್ತರ ಹೇಳಬೇಕಾದವನು ಮಾಲಕನೇ.

ಬೀಗಕ್ಕೆ ಸಮಯವೆಲ್ಲಿ, ಗಿರಾಕಿಗಳು ಕಾಯುತ್ತಾರೆಯೇ ಎಂಬ ಆಕ್ಷೇಪ ಸಹಜ. ಮಧ್ಯಾಹ್ನದ ಊಟದ ಗದ್ದಲದಲ್ಲಿ ಐದು ನಿಮಿಷವೂ ದೊಡ್ಡದೇ. ಆದರೆ ಬೀಗ ಹಾಕಿ ತೆಗೆಯಲು ಬೇಕಾಗುವುದು ಅದಕ್ಕಿಂತಲೂ ಕಡಿಮೆ. ಅವಘಡವಾದರೆ ಪೋಲೀಸು, ಆಸ್ಪತ್ರೆ, ಪಂಚನಾಮೆ, ಪರಿಹಾರವೆಂದು ಹೊಟೇಲು ಎಷ್ಟು ದಿನ ಮುಚ್ಚೀತು ಎಂಬುದನ್ನೂ ಲೆಕ್ಕ ಹಾಕಬೇಕು. ಮೂವತ್ತು ವರ್ಷದಿಂದ ಹೀಗೆಯೇ ನಡೆದುಬಂದಿದೆ, ಏನೂ ಆಗಿಲ್ಲ ಎಂಬುದು ಇನ್ನೊಂದು ಮಾತು. ಅನುಭವ ಹೆಚ್ಚಿದಂತೆ ಭಯ ಕಡಿಮೆಯಾಗುತ್ತದೆ. ಕರೆಂಟಿನ ಸ್ವಭಾವ ಮಾತ್ರ ಹಾಗೆಯೇ ಇರುತ್ತದೆ.

ಸಂಘ-ಸಂಸ್ಥೆಗಳ ಪಾಲು

ಒಂದು ಕಾಲದಲ್ಲಿ ಹಗಲಲ್ಲಿ ಹೊಟೇಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ತೆರೆದು ಅಕ್ಷರ ಕಲಿಸಿದವರು ಮುಂಬೈ ಕನ್ನಡಿಗರು. ಅಲ್ಲಿ ಕಲಿತವರು ಮುಂದೆ ಬ್ಯಾಂಕು, ಕಚೇರಿ, ಸ್ವಂತ ಉದ್ಯಮಗಳಲ್ಲಿ ನೆಲೆ ಕಂಡುಕೊಂಡರು. ಅಂಥದೇ ಇನ್ನೊಂದು ಪಾಠಕ್ಕೆ ಈಗ ಕಾಲ ಬಂದಿದೆ. ಅದಕ್ಕೆ ಶಾಲೆ ಬೇಕಿಲ್ಲ, ಒಂದು ಸಂಜೆ ಸಾಕು.

ಆರಂಭ ಸಂಘದ ಸ್ವಂತ ಕಟ್ಟಡದಿಂದಲೇ ಆಗಲಿ. ಸಭಾಗೃಹದ ಮೇನ್ ಬೋರ್ಡಿನಲ್ಲಿ ಯಾವ ಸ್ವಿಚ್ ಯಾವುದಕ್ಕೆ ಎಂದು ಬರೆಸಬೇಕು. ಪರವಾನಗಿ ಹೊಂದಿದ ಗುತ್ತಿಗೆದಾರನಿಂದ ಅರ್ಥಿಂಗ್ ಮತ್ತು ಇಎಲ್‌ಸಿಬಿ ಪರೀಕ್ಷಿಸಬೇಕು. ನಾಲ್ಕಾರು ಬೀಗ, ಚೀಟಿ, ಎಂಸಿಬಿ ಕ್ಲಿಪ್ಪುಗಳ ಒಂದು ಪೆಟ್ಟಿಗೆ ಕಚೇರಿಯಲ್ಲಿರಬೇಕು. ರಾಜ್ಯೋತ್ಸವ, ಯಕ್ಷಗಾನ, ವಾರ್ಷಿಕೋತ್ಸವಗಳಿಗೆ ವೇದಿಕೆ ಕಟ್ಟುವಾಗ ನೆಲದ ಮೇಲೆ ಎಳೆದ ಟೇಪು ಸುತ್ತಿದ ವಯರುಗಳು, ಕಬ್ಬಿಣದ ಏಣಿ ಏರಿ ದೀಪ ಕಟ್ಟುವ ಹುಡುಗ ಎಲ್ಲರಿಗೂ ಕಂಡ ನೋಟ. ಡೆಕೊರೇಟರಿನೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಎರಡು ಷರತ್ತುಗಳಿರಲಿ: ತಾತ್ಕಾಲಿಕ ಬೋರ್ಡಿಗೆ ಇಎಲ್‌ಸಿಬಿ ಇರಬೇಕು, ದೀಪ ಕಟ್ಟುವಾಗ ಬೋರ್ಡಿಗೆ ಬೀಗವಿದ್ದು ಕೀಲಿ ಏಣಿ ಏರಿದವನ ಬಳಿಯೇ ಇರಬೇಕು. ಹಾರ-ತುರಾಯಿಯ ಖರ್ಚಿಗೆ ಹೋಲಿಸಿದರೆ ಇದು ದೊಡ್ಡ ಮೊತ್ತವೇನಲ್ಲ.

ಎರಡನೆಯದು, ಸದಸ್ಯರ ಹೊಟೇಲು ಮತ್ತು ಘಟಕಗಳು. ಬೆಸ್ಟ್, ಟಾಟಾ ಪವರ್, ಮಹಾವಿತರಣದಂಥ ವಿದ್ಯುತ್ ಸಂಸ್ಥೆಗಳಿಂದಲೋ ದೊಡ್ಡ ಕಾರ್ಖಾನೆಗಳಿಂದಲೋ ನಿವೃತ್ತರಾದ ಅನುಭವಿಗಳು ಸಮುದಾಯದಲ್ಲಿ ಇದ್ದರೆ ಅವರನ್ನು ಕರೆಸಿ, ಮಾಲಕರಿಗಷ್ಟೇ ಅಲ್ಲ, ಗ್ರೈಂಡರ್ ತೊಳೆಯುವ ಹುಡುಗರಿಗೇ ಬೀಗ ಹಾಕುವುದನ್ನು ಕೈ ಹಿಡಿದು ಕಲಿಸುವ ಏರ್ಪಾಡಾಗಲಿ. ಭಾಷಣಕ್ಕಿಂತ ಒಂದು ಬೋರ್ಡು, ಒಂದು ಬೀಗ ಎದುರಿಗಿಟ್ಟು ತೋರಿಸಿದರೆ ಬೇಗ ತಲೆಗೆ ಹತ್ತುತ್ತದೆ. ಅದೇ ಸಂಜೆ ಶಾಕ್ ಹೊಡೆದವನನ್ನು ಕಂಡರೆ ಏನು ಮಾಡಬೇಕೆಂಬುದನ್ನೂ ತಿಳಿಸಬೇಕು: ಬರಿಗೈಯಿಂದ ಮುಟ್ಟಬಾರದು, ಮೊದಲು ಮೇನ್ ಆರಿಸಬೇಕು, ಆಗದಿದ್ದರೆ ಒಣ ಮರದ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಬೇಕು, ಉಸಿರಿಲ್ಲದಿದ್ದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ 108ಕ್ಕೆ ಕರೆ ಮಾಡಬೇಕು.

ಇದರ ಜೊತೆಗೆ ಪ್ರತಿಯೊಬ್ಬ ಕಾರ್ಮಿಕನ ಉಳಿತಾಯ ಖಾತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಜೋಡಿಸಲು ಸಂಘಗಳು ನೆರವಾಗಬಹುದು. 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿಯ ಕಂತು, ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಇದು ಅಗತ್ಯ ಹೌದು. ಆದರೆ ವಿಮೆಯ ಹಣ ಮನೆಗೆ ಬರುವುದು ಮಗ ಬಾರದೆ ಇದ್ದಾಗ ಎಂಬುದನ್ನು ಮರೆಯಬಾರದು. ವಿಮೆಯ ಫಾರ್ಮು ತುಂಬಿಸಿದ ದಿನವೇ ಬೀಗವೂ ಅವನ ಕೈಗೆ ಸಿಗಬೇಕು.

ರಾಷ್ಟ್ರೀಯ ಸುರಕ್ಷಾ ಪರಿಷತ್ತು ಸ್ಥಾಪನೆಯಾದದ್ದು 1966ರ ಮಾರ್ಚ್ 4ರಂದು. ಆ ದಿನವನ್ನು ಪ್ರತಿ ವರ್ಷ ರಾಷ್ಟ್ರೀಯ ಸುರಕ್ಷಾ ದಿನವಾಗಿ ಆಚರಿಸಲಾಗುತ್ತದೆ. ಸಂಘಗಳ ವಾರ್ಷಿಕ ಕಾರ್ಯಕ್ರಮ ಪಟ್ಟಿಯಲ್ಲಿ ಅರಸಿನ ಕುಂಕುಮ, ಕ್ರೀಡಾಕೂಟ, ವಿದ್ಯಾರ್ಥಿವೇತನ ವಿತರಣೆಯ ಸಾಲಿನಲ್ಲಿ ಈ ದಿನಕ್ಕೂ ಒಂದು ಜಾಗವಿರಲಿ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ 'ಸಭಾಗೃಹದ ವಿದ್ಯುತ್ ಬೋರ್ಡು ಮತ್ತು ಬೀಗ' ಎಂಬ ಒಂದು ಸಾಲನ್ನು ಗೌರವ ಕಾರ್ಯದರ್ಶಿಗಳು ಸೇರಿಸಲಿ. ಸಮಿತಿಯಲ್ಲಿರುವ ಹೊಟೇಲು ಮಾಲಕರು ಅದೇ ವಾರ ತಮ್ಮ ಅಡುಗೆಮನೆಯಲ್ಲೂ ಒಂದು ಬೀಗ ತೂಗುಹಾಕಿ, ಗ್ರೈಂಡರ್ ತೊಳೆಯುವವನನ್ನು ಕರೆದು ಅದರ ಕೀಲಿಯನ್ನು ಅವನಿಗೆ ಒಪ್ಪಿಸಲಿ.